ಮಾವಿನ ಕಸಿ ಕಟ್ಟಲು ಬರುತ್ತದೆಯಾ? ಹಾಗಾದರೆ ನಾಲ್ಕು ಜನಕ್ಕೆ ಕಲಿಸಿ

ಕಸಿ ಕಟ್ಟಲು ಹೇಗೆ ಕಲಿಯಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕಟ್ಟಲು ಬರುವವರು ಅದನ್ನು ಇನ್ನೊಬ್ಬರಿಗೆ ಹೇಗೆ ಕಲಿಸಬೇಕು ಅಂತ ಹೇಳುವವರು ಕಡಿಮೆ. ಈ ಬರಹ ಇರುವುದು ಅದಕ್ಕೆ. ನೀವು ಕಟ್ಟಿದ ಹತ್ತು ಕಸಿಯಲ್ಲಿ ಐದಾರು ಚಿಗುರುತ್ತವೆ ಅಂತಾದರೆ ನೀವು ಕಲಿಸಬಹುದು. ತೋಟಗಾರಿಕೆ ಓದಿರಬೇಕಾಗಿಲ್ಲ, ನರ್ಸರಿ ಇಟ್ಟಿರಬೇಕಾಗಿಲ್ಲ. ಮಳೆಗಾಲದ ಒಂದು ಭಾನುವಾರ, ನಾಲ್ಕೈದು ಜನ ಕೂರುವಷ್ಟು ಜಗಲಿ, ಒಂದಿಷ್ಟು ಗಿಡ ಇದ್ದರೆ ಆಯಿತು. ಫೀಸು ಮಾತ್ರ ಬೇಡ.

ಇಷ್ಟು ಒತ್ತಿ ಹೇಳಲು ಕಾರಣ ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹೊಳೆ ದಂಡೆಗಳಲ್ಲಿ, ಸೊಪ್ಪಿನ ಬೆಟ್ಟಗಳಲ್ಲಿ ಇರುವ ಒಂದೊಂದು ಅಪ್ಪೆ ಮರದ್ದೂ ಒಂದೊಂದು ರುಚಿ, ಒಂದೊಂದು ಪರಿಮಳ. ಯಾವತ್ತೋ ಯಾರೋ ಎಸೆದ ಗೊರಟಿನಿಂದ, ಹೊಳೆ ತಂದು ಹಾಕಿದ ಗೊರಟಿನಿಂದ ಎದ್ದ ಮರಗಳು ಅವು. ಆ ಮರದ ಗೊರಟು ಊರಿದರೆ ಅದೇ ಮಿಡಿ ಬರುವುದಿಲ್ಲ. ಕರಾವಳಿಯ ನೆಕ್ಕರೆಯಂಥ ಕೆಲವು ತಳಿ ಬಿಟ್ಟರೆ ನಮ್ಮ ಬಹುಪಾಲು ಮಾವಿನ ಗುಣವೇ ಹಾಗೆ, ಗೊರಟಿನ ಗಿಡ ತಾಯಿಯ ಹಾಗೆ ಇರುವುದಿಲ್ಲ. ಅಂದರೆ ಆ ಮರ ಗಾಳಿಗೆ ಬಿದ್ದರೆ, ರಸ್ತೆ ಅಗಲ ಮಾಡಲು ಕಡಿದರೆ, ಆ ರುಚಿ ಅಲ್ಲಿಗೆ ಮುಗಿಯಿತು. ಉಳಿಸಲು ಇರುವ ಸುಲಭದ ದಾರಿ ಕಸಿ, ಅಂದರೆ ಆ ಮರದ ಕುಡಿಯನ್ನು (ತುದಿ ಟೊಂಗೆಯನ್ನು) ಕೊಯ್ದು ಬೇರೊಂದು ಮಾವಿನ ಸಸಿಯ ಮೇಲೆ ಕೂರಿಸಿ ಕಟ್ಟುವುದು. ಊರಿಗೆ ಒಬ್ಬರಿಗೆ ಮಾತ್ರ ಕಸಿ ಕಟ್ಟಲು ಬರುತ್ತದೆ, ಅವರಿಗೂ ವಯಸ್ಸಾಗಿದೆ ಅಂತಾದರೆ ಎಷ್ಟು ಮರ ಉಳಿದೀತು? ಹತ್ತು ಮನೆಯಲ್ಲಿ ಹತ್ತು ಕೈ ತಯಾರಿದ್ದರೆ ಮರ ಬಿದ್ದ ದಿನವೇ ಓಡಿ ಹೋಗಿ ಕುಡಿ ಕೊಯ್ದುಕೊಂಡು ಬರಬಹುದು. ಬಿದ್ದ ಮರದ ಕುಡಿ ಕೂಡ ಒಣಗುವ ಮೊದಲು ಸಿಕ್ಕಿದರೆ ಕಸಿಗೆ ಬರುತ್ತದೆ, ಗೊತ್ತಿರಲಿ.

ಎಷ್ಟು ಜನ, ಯಾರು

ಒಬ್ಬರು ಕಲಿಸುವುದಾದರೆ ನಾಲ್ಕು ಜನ. ಜಾಸ್ತಿ ಅಂದರೆ ಆರು. ಇದರ ಮೇಲೆ ಬೇಡ. ನಲವತ್ತು ಜನರನ್ನು ಕುರ್ಚಿ ಹಾಕಿ ಕೂರಿಸಿ ಎದುರು ನಿಂತು ಕಟ್ಟಿ ತೋರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಊಟ ಮಾಡಿ ಮನೆಗೆ ಹೋಗುತ್ತಾರೆ. ಒಬ್ಬರ ಕೈಗೂ ಕಸಿ ಬಂದಿರುವುದಿಲ್ಲ. ಕಸಿ ಇರುವುದು ಬೆರಳಲ್ಲಿ. ನೋಡಿದರೆ ಬರುವುದಿಲ್ಲ, ಪಕ್ಕದಲ್ಲಿ ಯಾರಾದರೂ ಕೂತು ನಾವು ಮಾಡುವುದನ್ನು ನೋಡಬೇಕು. ಜೊತೆಗೆ ಎಲ್ಲರ ಕೈಯಲ್ಲೂ ಹರಿತವಾದ ಅಲಗು ಇರುತ್ತದೆ, ಆರು ಜೊತೆ ಕೈಗಿಂತ ಜಾಸ್ತಿ ಒಬ್ಬರು ಕಾಯಲು ಆಗುವುದಿಲ್ಲ.

ಮೊದಲ ಸಲಕ್ಕೆ ಪರಿಚಯದವರನ್ನೇ ಕರೆಯಿರಿ. ಪಕ್ಕದ ಮನೆ ಅಕ್ಕ, ಅಂಚೆ ತರುವವರು, ಕಾಲೇಜಿಗೆ ಹೋಗುವ ಹುಡುಗಿ, ನಿವೃತ್ತಿಯಾದ ಮೇಷ್ಟ್ರು, ಯಾರಾದರೂ ಆಗಬಹುದು. ತೋಟ ಇದ್ದವರೇ ಬೇಕು ಅಂತ ಇಲ್ಲ. ನಮ್ಮ ಕಡೆ ತೋಟದ ಕೆಲಸಕ್ಕೆ ಬರುವ ಹೆಂಗಸರನ್ನು ಇಂಥದ್ದಕ್ಕೆ ಕರೆಯುವುದೇ ಇಲ್ಲ. ಇದು ನನಗೆ ಬಹಳ ಬೇಜಾರಿನ ವಿಷಯ. ಅಡಿಕೆ ಸುಲಿದು ಪಳಗಿದ ಕೈಗೆ ಕತ್ತಿ ಹಿಡಿಯಲು ಯಾರೂ ಹೇಳಿಕೊಡಬೇಕಾಗಿಲ್ಲ, ಅವರು ಕಸಿಯನ್ನು ಎಲ್ಲರಿಗಿಂತ ಬೇಗ ಹಿಡಿಯುತ್ತಾರೆ. ಕರೆಯಿರಿ. ಆದರೆ ಅವರು ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ ಅನ್ನುವುದು ನೆನಪಿರಲಿ. ರಜೆಯ ದಿನ ಇಟ್ಟುಕೊಳ್ಳಿ, ಇಲ್ಲವೇ ಆ ದಿನದ ಕೂಲಿ ಗುಂಪಿನವರೆಲ್ಲ ಸೇರಿ ಕೊಡಿ.

ಯಾವಾಗ, ಮತ್ತು ಎಷ್ಟು ಮೊದಲಿಂದ

ಕಟ್ಟುವುದು ಒಂದು ದಿನದ ಕೆಲಸ, ತಯಾರಿ ಹಾಗಲ್ಲ. ಕಸಿ ಕಟ್ಟಲು ಬುಡದ ಗಿಡ, ಅಂದರೆ ಕುಡಿ ಕೂರಿಸುವ ಸಸಿ ಬೇಕು, ಅದು ಪೆನ್ಸಿಲ್ ದಪ್ಪ ಬರಲು ಎಂಟು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹಾಗಾಗಿ ಈ ವರ್ಷ ಮೇ, ಜೂನ್‌ನಲ್ಲಿ ಕಾಟು (ಕಾಡು) ಮಾವಿನ ಗೊರಟು ಒಟ್ಟು ಮಾಡಿ. ಮಾವಿನ ಬೀಜ ಬಹಳ ದಿನ ಇಟ್ಟರೆ ಹುಟ್ಟುವುದಿಲ್ಲ, ಹಣ್ಣು ತಿಂದ ಕೆಲವೇ ವಾರದಲ್ಲಿ ಊರಿಬಿಡಬೇಕು. ಪ್ಲಾಸ್ಟಿಕ್ ಕೊಟ್ಟೆಗೆ (ಚೀಲಕ್ಕೆ) ಮಣ್ಣು, ಗೊಬ್ಬರ, ಸ್ವಲ್ಪ ಮರಳು ತುಂಬಿ ಗೊರಟು ಹಾಕಿ. ಬರುವವರೆಲ್ಲರಿಗೂ ಇದನ್ನೇ ಹೇಳಿ: ಮುಂದಿನ ಮಳೆಗಾಲಕ್ಕೆ ಕಲಿಸುತ್ತೇನೆ, ಈಗಲೇ ಐದೈದು ಗೊರಟು ಊರಿ ಇಟ್ಟುಕೊಳ್ಳಿ. ಒಂದು ವರ್ಷ ಗಿಡಕ್ಕೆ ನೀರು ಹಾಕಿ ಸಾಕಿದವರು ಕಲಿಯುವ ದಿನ ತಪ್ಪಿಸುವುದಿಲ್ಲ. ಅಷ್ಟು ಕಾಯಲು ಆಗದಿದ್ದರೆ ಮರದ ಬುಡದಲ್ಲಿ ತಾನಾಗಿ ಎದ್ದ ಸಸಿಗಳನ್ನು ಬೇರು ಸಮೇತ ಕಿತ್ತು ಕೊಟ್ಟೆಗೆ ಹಾಕಿ ಎರಡು ಮೂರು ತಿಂಗಳು ಬಿಟ್ಟು ಬಳಸಬಹುದು.

ದಿನ ಅಂದರೆ ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿದು ಗಾಳಿಯಲ್ಲಿ ತೇವ ತುಂಬಿದ ಮೇಲೆ. ಜೋರು ಮಳೆ ಬಿಟ್ಟು ಬಿಟ್ಟು ಬರುವ ದಿನಗಳು ಒಳ್ಳೆಯದು. ಬಯಲು ಸೀಮೆಯಲ್ಲಾದರೆ ಜುಲೈ, ಆಗಸ್ಟ್ ನೋಡಿಕೊಳ್ಳಿ. ಬಿಸಿಲು, ಒಣಗಾಳಿ ಇರುವಾಗ ಹೊಸಬರಿಗೆ ಕಲಿಸಬೇಡಿ. ಕುಡಿ ಒಣಗಿ ಹೋಗುತ್ತದೆ, ಅವರು ತಪ್ಪು ತಮ್ಮದು ಅಂದುಕೊಂಡು ಕೈ ಬಿಡುತ್ತಾರೆ.

ಇನ್ನು ಕುಡಿ. ಮೂರು ನಾಲ್ಕು ತಿಂಗಳು ಬಲಿತ, ಚಿಗುರದೆ ಸುಮ್ಮನಿರುವ ತುದಿ ಟೊಂಗೆ ಆರಿಸಿ, ಬುಡದ ಗಿಡದಷ್ಟೇ ದಪ್ಪ ಇರಲಿ. ಕಟ್ಟುವ ದಿನಕ್ಕೆ ವಾರ ಹತ್ತು ದಿನ ಮೊದಲೇ ಮರದಲ್ಲೇ ಅದರ ಎಲೆಗಳನ್ನು ಕತ್ತರಿಸಬೇಕು. ಎಲೆ ಮಾತ್ರ, ತೊಟ್ಟು ಬಿಡಿ. ಆ ತೊಟ್ಟುಗಳು ಒಂದೊಂದಾಗಿ ಹಣ್ಣಾಗಿ ಉದುರುವಾಗ ತುದಿಯ ಮೊಗ್ಗು ಉಬ್ಬಿರುತ್ತದೆ. ಆಗ ಕೊಯ್ದರೆ ಕಸಿ ಬೇಗ ಹಿಡಿಯುತ್ತದೆ. ಸಾಧ್ಯ ಇದ್ದರೆ ಕಲಿಯುವವರನ್ನು ಈ ದಿನವೂ ಕರೆಯಿರಿ. ಯಾವ ಟೊಂಗೆ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ಅರ್ಧ ವಿದ್ಯೆ. ಎಷ್ಟೋ ಜನಕ್ಕೆ ಕಟ್ಟಲು ಚೆನ್ನಾಗಿ ಬರುತ್ತದೆ, ಕುಡಿ ಆರಿಸಲು ಬರುವುದಿಲ್ಲ. ಕಾರಣ ಸುಲಭ: ಅವರಿಗೆ ಕಲಿಸಿದವರು ಕುಡಿ ತಾವೇ ಕೊಯ್ದು ತಂದು ಮೇಜಿನ ಮೇಲೆ ಇಟ್ಟಿದ್ದರು.

ಸಾಮಾನು

ಕಸಿ ಚಾಕು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಟೇಷನರಿ ಅಂಗಡಿಯ ಕಟರ್ ಸಾಕು. ದಾಡಿ ಬ್ಲೇಡನ್ನು ಅರ್ಧ ಮುರಿದು ಬಳಸುವವರೂ ಇದ್ದಾರೆ, ಕೈ ಪಳಗಿದವರಿಗೆ ಅದು ಆಗುತ್ತದೆ, ಹೊಸಬರಿಗೆ ಕೊಡಬೇಡಿ. ಎಡಗೈಯವರು ಯಾರಾದರೂ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಕಸಿ ಚಾಕುವಿನ ಅಲಗು ಒಂದೇ ಬದಿ ಮಸೆದಿರುತ್ತದೆ, ಸಾಮಾನ್ಯವಾಗಿ ಬಲಗೈಯವರಿಗೆ ಸರಿಯಾಗುವ ಹಾಗೆ. ಅದೇ ಚಾಕುವನ್ನು ಎಡಗೈಯಲ್ಲಿ ಹಿಡಿದರೆ ಕಚ್ಚು, ಅಂದರೆ ಕೊಯ್ದ ಮುಖ, ಸಪಾಟಾಗಿ ಬರುವುದೇ ಇಲ್ಲ, ಒಳಗೆ ಗುಳಿ ಬೀಳುತ್ತದೆ. ಪಾಪ, ಅವರು ದಿನವಿಡೀ ಒದ್ದಾಡುತ್ತಾರೆ. ಎರಡೂ ಬದಿ ಮಸೆದಿರುವ ಕಟರ್ ಕೊಟ್ಟುಬಿಡಿ.

ಎರಡು ಬೆರಳು ಅಗಲದ ಪ್ಲಾಸ್ಟಿಕ್ ಪಟ್ಟಿಗಳು ಬೇಕು, ಒಂದೊಂದೂ ಒಂದಡಿಗಿಂತ ಸ್ವಲ್ಪ ಉದ್ದ. ಎಳೆದರೆ ಹಿಗ್ಗಬೇಕು, ಹರಿಯಬಾರದು. ಮೇಲೆ ಮುಚ್ಚಲು ಉದ್ದನೆಯ ಐಸ್‌ಕ್ಯಾಂಡಿ ಕವರ್, ಮಕ್ಕಳು ಪೆಪ್ಸಿ ಅಂತ ಕರೆಯುತ್ತಾರಲ್ಲ ಅದರದ್ದು, ಖಾಲಿ ಕವರ್ ಕಟ್ಟುಗಟ್ಟಲೆ ಸಿಗುತ್ತದೆ. ಅಲಗು ಒರೆಸಲು ಸ್ಪಿರಿಟ್. ಒದ್ದೆ ಬಟ್ಟೆ, ಬಾಳೆ ಎಲೆ. ಹೆಸರು ಬರೆಯಲು ಪೆನ್ಸಿಲ್, ಹಳೆ ಪ್ಲಾಸ್ಟಿಕ್ ಡಬ್ಬಿಯಿಂದ ಕತ್ತರಿಸಿದ ಚೀಟಿ. ಮಾರ್ಕರ್ ಬಿಸಿಲು ಮಳೆಗೆ ಅಳಿಸಿ ಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಬ್ಯಾಂಡೇಜು, ಡೆಟಾಲ್. ಒಂದು ಬಟ್ಟಲು ಕೊಬ್ಬರಿ ಎಣ್ಣೆ.

ಎಣ್ಣೆ ಸೊನೆಗೆ. ಮಾವು, ಗೇರು ಒಂದೇ ಕುಟುಂಬದ ಗಿಡಗಳು. ಗೇರು ಸೊನೆ ತಾಗಿದರೆ ಮೈ ಏಳುವವರಿಗೆ ಮಾವಿನ ಸೊನೆಯೂ ಆಗದೆ ಇರಬಹುದು. ಶುರುವಿನಲ್ಲೇ ಕೇಳಿ, ಅಂಥವರಿಗೆ ಕೈಗವಸು ಕೊಡಿ. ಉಳಿದವರು ಕೈಗೆ ಎಣ್ಣೆ ಸವರಿಕೊಂಡು, ಅಂಗೈ ಮತ್ತು ಬೆರಳ ತುದಿ ಮಾತ್ರ ಒರೆಸಿಕೊಳ್ಳಲಿ, ಇಲ್ಲದಿದ್ದರೆ ಚಾಕು ಜಾರುತ್ತದೆ. ಕಚ್ಚಿನ ಮೇಲಂತೂ ಎಣ್ಣೆ ತಾಗಲೇಬಾರದು.

ಆ ದಿನ

ಮೊದಲ ಒಂದು ಗಂಟೆ ಗಿಡ ಮುಟ್ಟಬೇಡಿ. ಮಾವಿನದ್ದೇ ಬೇಡದ ಟೊಂಗೆಗಳನ್ನು ಒಂದು ಕಟ್ಟು ಕೊಯ್ದು ತಂದಿಟ್ಟು, ಬರೀ ಬೆಣೆ ಕೆತ್ತಿಸಿ. ಮಾವು ಸಾಕಷ್ಟು ಇಲ್ಲದಿದ್ದರೆ ದಾಸವಾಳ, ಪೇರಲೆ ಟೊಂಗೆ ನಡೆಯುತ್ತದೆ. ಕಣಗಿಲೆ ಬೇಡವೇ ಬೇಡ, ಅದು ವಿಷ.

ಕೂರುವುದು ಅವರ ಎದುರಲ್ಲ, ಪಕ್ಕದಲ್ಲಿ. ಎದುರು ಕೂತರೆ ನಿಮ್ಮ ಬಲ ಅವರಿಗೆ ಎಡವಾಗಿ ಕಾಣುತ್ತದೆ, ಪ್ರತಿ ಸಲ ತಲೆಯಲ್ಲಿ ತಿರುಗಿಸಿಕೊಳ್ಳಬೇಕು. ಪಕ್ಕದಲ್ಲಿ ಕೂತು ನಿಧಾನವಾಗಿ ಒಂದು ಬೆಣೆ ಕೆತ್ತಿ ತೋರಿಸಿ, ಮಾತಾಡದೆ. ಇನ್ನೊಮ್ಮೆ ಮಾತಾಡುತ್ತಾ ತೋರಿಸಿ. ಆಮೇಲೆ ಅವರ ಕೈಗೆ ಕೊಡಿ.

ಬೆಣೆ ಅಂದರೆ ಕುಡಿಯ ಬುಡವನ್ನು ಎರಡೂ ಬದಿಯಿಂದ ಓರೆಯಾಗಿ ಕೊಯ್ದು ಚೂಪು ಮಾಡುವುದು, ಮೂರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ. ಹೊಸಬರು ಎಲ್ಲರೂ ಮಾಡುವುದು ಒಂದೇ: ಪೆನ್ಸಿಲ್ ಕೆತ್ತುವ ಹಾಗೆ ಸಣ್ಣ ಸಣ್ಣಗೆ ಚಕ್ಕೆ ಎಬ್ಬಿಸುತ್ತಾರೆ. ಹಾಗೆ ಮಾಡಿದರೆ ಮೇಲ್ಮೈ ಏರುತಗ್ಗಾಗುತ್ತದೆ, ಸೀಳಿನೊಳಗೆ ಕೂರಿಸಿದಾಗ ಅಲ್ಲಲ್ಲಿ ಗಾಳಿ ಉಳಿಯುತ್ತದೆ, ಅಲ್ಲೆಲ್ಲ ಬೆಸುಗೆ ಆಗುವುದಿಲ್ಲ. ಮಣಿಕಟ್ಟು ಅಲ್ಲಾಡಿಸದೆ, ಮೊಣಕೈ ಹಿಂದಕ್ಕೆ ಎಳೆಯುತ್ತಾ, ಒಂದೇ ಎಳೆತಕ್ಕೆ ಒಂದು ಬದಿ ಮುಗಿಯಬೇಕು. ಅಲಗನ್ನು ಒತ್ತಬೇಡಿ, ಎಳೆಯಿರಿ ಅಂತ ಹೇಳಿ. ಕುಡಿ ಹಿಡಿದ ಕೈಯ ಹೆಬ್ಬೆರಳು ಅಲಗಿನ ದಾರಿಯಲ್ಲಿ ಇರಬಾರದು, ಇದನ್ನು ಹತ್ತು ಸಲ ಬೇಕಾದರೂ ಹೇಳಿ.

ಕೆತ್ತಿದ್ದು ಸರಿ ಇದೆಯಾ ಅಂತ ನಿಮ್ಮನ್ನು ಕೇಳುತ್ತಾರೆ. ನೀವು ಹೇಳಬೇಡಿ. ಕೊಯ್ದ ಮುಖವನ್ನು ಚಾಕುವಿನ ಸಪಾಟು ಬದಿಗೆ ಆನಿಸಿ ಬೆಳಕಿಗೆ ಹಿಡಿದು ನೋಡಲು ಹೇಳಿ. ನಡುವೆ ಬೆಳಕು ತೂರಿದರೆ ಕಚ್ಚು ಸಪಾಟಾಗಿಲ್ಲ. ಇನ್ನೊಂದು ಟೊಂಗೆ ತೆಗೆದುಕೊಂಡು ಮತ್ತೆ ಕೆತ್ತಬೇಕು. ಇಡೀ ದಿನದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ತನ್ನ ಕೆಲಸ ಸರಿಯಾಗಿದೆಯಾ ಅಂತ ತಾನೇ ನೋಡಿಕೊಳ್ಳಲು ಬಂದರೆ ಅವರು ನಾಳೆ ನೀವಿಲ್ಲದೆ ಕಟ್ಟುತ್ತಾರೆ. ಪ್ರತಿಯೊಂದಕ್ಕೂ ನಿಮ್ಮ ಮುಖ ನೋಡುವ ಅಭ್ಯಾಸವಾದರೆ ನಾಳೆ ನಿಮಗೆ ಫೋನ್ ಮಾಡುತ್ತಾರೆ.

ಇನ್ನೊಂದು ವಿಷಯ. ಅವರ ಕೈಯಿಂದ ಕಿತ್ತುಕೊಂಡು ನೀವೇ ಸರಿ ಮಾಡಿಕೊಡಬೇಡಿ. ಕಷ್ಟ, ನನಗೆ ಗೊತ್ತು, ಕೈ ತಾನಾಗಿ ಮುಂದೆ ಹೋಗುತ್ತದೆ. ಪಟ್ಟಿ ಸುತ್ತುವಾಗ ಕುಡಿ ಜಾರುತ್ತಿರುತ್ತದೆ, ಅವರ ಬೆರಳು ನಡುಗುತ್ತಿರುತ್ತದೆ, ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳಲಿ. ಮತ್ತೆ ಸುತ್ತಲಿ. ಬಾಯಲ್ಲಿ ಹೇಳಿ, ಇನ್ನೊಂದು ಟೊಂಗೆಯಲ್ಲಿ ತೋರಿಸಿ, ಅವರ ಗಿಡ ಅವರ ಕೈಯಲ್ಲೇ ಇರಲಿ.

ಹತ್ತಿಪ್ಪತ್ತು ಬೆಣೆ ಕೆತ್ತಿ ಕೈಗೆ ಹದ ಸಿಕ್ಕಿದ ಮೇಲೆ ಒಂದು ಸುತ್ತು ಚಹಾ. ಆಮೇಲೆ ಗಿಡ.

ಬುಡದ ಗಿಡವನ್ನು ಒಂದು ಗೇಣು ಎತ್ತರ ಬಿಟ್ಟು ಮೇಲಿನದ್ದು ತೆಗೆಯಬೇಕು. ಕೆಳಗೆ ನಾಲ್ಕಾರು ಎಲೆ ಉಳಿದರೆ ಒಳ್ಳೆಯದು. ಕೊಯ್ದ ತುದಿಯ ನಡುವೆ ಬೆಣೆಯಷ್ಟೇ ಉದ್ದಕ್ಕೆ ಸೀಳು ಹಾಕಿ, ಕುಡಿಯನ್ನು ಒಳಗೆ ಇಳಿಸಬೇಕು. ಇಲ್ಲಿ ಒಂದು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಒಂದು ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ತೋರಿಸಿ. ಹೊರಗಿನ ಸಿಪ್ಪೆ, ಒಳಗಿನ ಬಿಳಿ ಕಟ್ಟಿಗೆ, ಇವೆರಡರ ನಡುವೆ ತೆಳ್ಳಗೆ ಹಸಿರಾಗಿ ಒದ್ದೆಯಾಗಿ ಕಾಣುತ್ತದಲ್ಲ, ಅಲ್ಲೇ ಇದೆ ಎಲ್ಲ. ಗಿಡ ದಪ್ಪವಾಗುವುದು ಆ ಪದರದಿಂದ, ಬೆಸುಗೆ ಆಗುವುದೂ ಅಲ್ಲೇ. ಕುಡಿಯ ಹಸಿರು ಗೆರೆ ಬುಡದ ಗಿಡದ ಹಸಿರು ಗೆರೆಗೆ ತಾಗಬೇಕು. ಎರಡೂ ಒಂದೇ ದಪ್ಪ ಇದ್ದರೆ ಎರಡು ಬದಿಯೂ ತಾಗುತ್ತದೆ. ಕುಡಿ ಸಪೂರ ಇದ್ದರೆ ನಡುವೆ ಕೂರಿಸಬೇಡಿ, ಒಂದು ಅಂಚಿಗೆ ಸರಿಸಿ ಒಂದು ಬದಿಯಾದರೂ ಸರಿಯಾಗಿ ಕೂಡಿಸಿ. ನಡುವೆ ಇಟ್ಟರೆ ನೋಡಲು ಚೆಂದ, ಹಿಡಿಯುವುದಿಲ್ಲ.

ಆಮೇಲೆ ಪಟ್ಟಿ. ಕೆಳಗಿನಿಂದ ಮೇಲಕ್ಕೆ, ಎಳೆದು ಹಿಗ್ಗಿಸಿ, ಒಂದರ ಮೇಲೊಂದು ಅರ್ಧ ಕೂರುವ ಹಾಗೆ ಸುತ್ತಿ ಗಂಟು. ಮೇಲಿನಿಂದ ನೀರು ಇಳಿಯಬಾರದು. ಕುಡಿಯ ಮೇಲೆ ಕವರ್ ತೊಡಿಸಿ, ಬೆಸುಗೆಯ ಕೆಳಗೆ ದಾರ ಕಟ್ಟಿ. ಕುಡಿ ಕೊಯ್ದಾಗಿನಿಂದ ಇಲ್ಲಿಯವರೆಗೆ ಕಚ್ಚು ಗಾಳಿಗೆ ಒಣಗಬಾರದು, ಬೆರಳು ತಾಗಬಾರದು, ನೆಲಕ್ಕೆ ಬೀಳಬಾರದು. ಒಬ್ಬೊಬ್ಬರೂ ಮೂರು ಗಿಡ ಕಟ್ಟಲಿ. ಒಂದೇ ಕಟ್ಟಿಸಿದರೆ, ಅದು ಸತ್ತರೆ, ಅವರ ಆಸೆಯೂ ಅಲ್ಲೇ ಸಾಯುತ್ತದೆ. ಮೂರರಲ್ಲಿ ಒಂದಾದರೂ ಚಿಗುರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಕೈಗುಣದ ಮಾತು ಬೇಡ

ಊರಲ್ಲಿ ಒಂದು ಮಾತಿದೆ, ಕಸಿಗೆ ಕೈಗುಣ ಬೇಕು ಅಂತ. ಇಂಥವರು ಕಟ್ಟಿದರೆ ಒಣ ಕೋಲೂ ಚಿಗುರುತ್ತದೆ ಅನ್ನುತ್ತಾರೆ. ಹಿರಿಯರ ಮೇಲಿನ ಗೌರವದಿಂದ ಬಂದ ಮಾತು, ನನಗೂ ಆ ಗೌರವ ಇದೆ. ಆದರೆ ಕಲಿಯುವವರ ಎದುರು ಈ ಮಾತು ಆಡಬೇಡಿ. ಮೊದಲ ಸಲ ಕಸಿ ಸತ್ತ ಕೂಡಲೇ ನನ್ನ ಕೈಗುಣ ಸರಿ ಇಲ್ಲ ಅಂತ ಅವರು ಬಿಟ್ಟುಬಿಡುತ್ತಾರೆ, ಕಾರಣ ಹುಡುಕುವುದೇ ಇಲ್ಲ. ಕಾರಣ ಯಾವಾಗಲೂ ಇರುತ್ತದೆ. ಕುಡಿ ಕಪ್ಪಾಗಿದೆಯಾ? ಒಳಗೆ ನೀರು ಹೋಗಿದೆ, ಇಲ್ಲವೇ ಅಲಗು ಕೊಳೆಯಾಗಿತ್ತು. ಸುಕ್ಕಾಗಿ ಒಣಗಿದೆಯಾ? ಕುಡಿ ಹಳೆಯದು, ಇಲ್ಲವೇ ಕವರ್ ಸಡಿಲ, ಇಲ್ಲವೇ ಬಿಸಿಲಿಗೆ ಇಟ್ಟಿದ್ದೀರಿ. ಚಿಗುರಿ ಆಮೇಲೆ ಬಾಡಿತಾ? ಅದಕ್ಕೂ ಕಾರಣ ಇದೆ. ಕುಡಿ ತನ್ನೊಳಗೆ ಇದ್ದ ಶಕ್ತಿಯಲ್ಲೇ ಒಂದು ಚಿಗುರು ಬಿಟ್ಟುಬಿಡಬಲ್ಲದು, ಬೆಸುಗೆ ಆಗದೆಯೂ. ಹಾಗಾಗಿ ಹತ್ತು ದಿನಕ್ಕೇ ಚಿಗುರು ಕಂಡಿತು ಅಂತ ಕವರ್ ತೆಗೆಯಬಾರದು.

ಹೀಗೆ ಬಿಡಿಸಿ ಹೇಳುವಾಗ ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ. ಒಂದು ಗುಟ್ಟು ಉಳಿಸಿಕೊಳ್ಳೋಣ ಅಂತ ಅನ್ನಿಸಿದರೆ ಕಲಿಸಲು ಹೋಗಲೇಬೇಡಿ. ಕುಡಿಯ ಎಲೆ ಮೊದಲೇ ಕತ್ತರಿಸುವ ಸಂಗತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿಕೊಟ್ಟರೂ ಆಗುವುದು ಇಷ್ಟೇ, ಅವರ ಕಸಿ ಜಾಸ್ತಿ ಸಾಯುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಮನೆಗೆ ಹೋದ ಮೇಲೆ

ಒಂದು ಹಾಳೆ ಬರೆದು ಕೊಡಿ. ಕಂಪ್ಯೂಟರ್ ಬೇಡ, ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ. ಅವರ ಮಾತಲ್ಲೇ ಬರೆಯಿರಿ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಕೆಲಸ ಮಾಡುವವರೇ ತಮ್ಮ ಅನುಭವ ಬರೆದರು, ಓದಿದವರು ಅದನ್ನು ತಮ್ಮ ತೋಟದಲ್ಲಿ ಮಾಡಿ ನೋಡಿದರು. ಆ ಬರಹಗಳಲ್ಲಿ ಅಳತೆ ಇರುತ್ತಿತ್ತು, ಸಾಮಾನು ಎಲ್ಲಿ ಸಿಗುತ್ತದೆ ಅಂತ ಇರುತ್ತಿತ್ತು. ನಿಮ್ಮ ಹಾಳೆಯೂ ಹಾಗಿರಲಿ: ನೆರಳಲ್ಲಿ ಇಡಿ, ಕೊಟ್ಟೆಯ ಮಣ್ಣಿಗೆ ಮಾತ್ರ ನೀರು, ಬೆಸುಗೆಯ ಕೆಳಗೆ ಬುಡದ ಗಿಡದಿಂದ ಚಿಗುರು ಬಂದರೆ ಉಗುರಲ್ಲಿ ಚಿವುಟಿ ಹಾಕಿ, ಕವರಿನೊಳಗೆ ಎಲೆ ಬಿಚ್ಚಿ ಕವರಿಗೆ ತಾಗುವ ತನಕ, ಅಂದರೆ ಸುಮಾರು ಮೂರು ವಾರ, ಕವರ್ ಮುಟ್ಟಬೇಡಿ, ತೆಗೆಯುವಾಗ ಸಂಜೆ ಹೊತ್ತು ತೆಗೆಯಿರಿ.

ವಾಟ್ಸಾಪ್ ಗುಂಪು ಮಾಡುವುದಾದರೆ ಆ ನಾಲ್ಕು ಜನರದ್ದೇ ಮಾಡಿ. ಸತ್ತ ಕಸಿಯ ಫೋಟೋನೂ ಹಾಕಬೇಕು ಅಂತ ಮೊದಲೇ ಹೇಳಿ. ಚಿಗುರಿದ್ದನ್ನು ಮಾತ್ರ ಹಾಕುವ ಗುಂಪಿನಲ್ಲಿ ಯಾರೂ ಏನೂ ಕಲಿಯುವುದಿಲ್ಲ, ಕಸಿ ಸತ್ತವರು ಸುಮ್ನೆ ಹೊರಗೆ ಹೋಗುತ್ತಾರೆ.

ಕುಡಿ ಹಂಚುವಾಗ

ವಿದ್ಯೆ ಹಂಚಿದ ಮೇಲೆ ಕುಡಿ ಹಂಚುವುದು ತಾನಾಗಿ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1968ರಲ್ಲಿ ಶುರುವಾದ ರೇರ್ ಫ್ರೂಟ್ ಗ್ರೋವರ್ಸ್ ಅನ್ನುವ ಹವ್ಯಾಸಿಗಳ ಬಳಗ ಇದೆ. ಅವರು ಚಳಿಗಾಲದಲ್ಲಿ ಕುಡಿ ವಿನಿಮಯ ಇಟ್ಟುಕೊಳ್ಳುತ್ತಾರೆ. ತಮ್ಮ ಮನೆಯ ಗಿಡಗಳ ಕುಡಿಗೆ ಹೆಸರು ಬರೆದು ತಂದು ಮೇಜಿನ ಮೇಲೆ ಇಡುವುದು, ಬೇಕಾದದ್ದು ತೆಗೆದುಕೊಂಡು ಹೋಗುವುದು. ಅಲ್ಲೇ ಕಸಿ ಕಟ್ಟಿ ತೋರಿಸುವವರೂ ಇರುತ್ತಾರೆ. ನಮ್ಮಲ್ಲಿ ಇದನ್ನು ಮಾಡಲು ಒಂದು ಶಾಲೆಯ ವರಾಂಡ ಸಾಕು.

ಕೆಲವು ಕಟ್ಟುಪಾಡು ಇರಲಿ. ಮರದ ಯಜಮಾನರನ್ನು ಕೇಳದೆ ಕುಡಿ ಕೊಯ್ಯಬೇಡಿ, ಬೇಲಿ ಹೊರಗೆ ಬಾಗಿದ ಟೊಂಗೆ ಆದರೂ. ಕೇಳಿದರೆ ಬಹುಪಾಲು ಜನ ಕೊಡುತ್ತಾರೆ, ಕುಡಿ ಮಾತ್ರ ಅಲ್ಲ, ಆ ಮರದ ಕಥೆಯನ್ನೂ ಹೇಳುತ್ತಾರೆ. ಚೀಟಿಯಲ್ಲಿ ಮರದ ಹೆಸರು, ಊರು, ಯಾರ ಮನೆಯದ್ದು, ಯಾವ ತಿಂಗಳಲ್ಲಿ ಮಿಡಿ ಬಿಡುತ್ತದೆ, ಇಷ್ಟು ಬರೆಯಿರಿ. ಅನಂತ ಭಟ್ಟನ ಅಪ್ಪೆ ಇವತ್ತಿಗೂ ಆ ಹೆಸರಲ್ಲೇ ಓಡಾಡುತ್ತಿದೆ ಅಂದರೆ ಕುಡಿ ಕೊಟ್ಟವರು ಹೆಸರನ್ನೂ ಜೊತೆಗೆ ಕೊಟ್ಟಿದ್ದಕ್ಕೆ ಅಲ್ವಾ. ಎಲೆಗೆ ಚುಕ್ಕೆ, ಟೊಂಗೆಗೆ ಗಂಟು, ತುದಿಗೆ ರೋಗ ಇರುವ ಮರದಿಂದ ಕುಡಿ ತರಬೇಡಿ, ಎಷ್ಟೇ ಅಪರೂಪದ್ದಾದರೂ.

ಕಾನೂನಿನ ಭಯ ಕೆಲವರಿಗೆ ಇರುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ವಿನಿಮಯ ಮಾಡುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ ಅಷ್ಟೇ. ಊರಿನ ಅಪ್ಪೆ ಮರದ ಕುಡಿ ಕೈಯಿಂದ ಕೈಗೆ ಕೊಡಲು ಹೆದರಬೇಕಾಗಿಲ್ಲ. ಆದರೆ ಕಾನೂನಿನ ಆಚೆಗೂ ಒಂದು ಲೆಕ್ಕ ಇದೆ. ತುಮಕೂರು ಜಿಲ್ಲೆ ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ತೋಟದ ಕೆಂಪು ತೊಳೆಯ ಹಲಸು ಇವತ್ತು ಸಿದ್ದು ಹಲಸು ಅಂತ ಹೆಸರಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರೊಡನೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿ ಮಾರಿತು, ಹಣದಲ್ಲಿ ಪಾಲು ರೈತರಿಗೆ ಹೋಯಿತು. ಇಂಥ ಗಿಡ ಬೇಕಿದ್ದರೆ ದುಡ್ಡು ಕೊಟ್ಟು ಕೊಂಡುಕೊಳ್ಳಿ. ಒಂದು ಮರವನ್ನು ಕಾಪಾಡಿ ಉಳಿಸಿದ ಮನೆಗೆ ನಾಲ್ಕು ಕಾಸು ಬರುತ್ತಿರುವಾಗ ಹಂಚುವುದರ ಹೆಸರಲ್ಲಿ ಅದನ್ನು ತಪ್ಪಿಸುವುದು ಸರಿಯಲ್ಲ.

ಪುಕ್ಕಟೆ ಕಲಿಸಿದರೆ ಕಸಿ ಕಟ್ಟುವವರ ಹೊಟ್ಟೆಪಾಡು?

ಇದು ನ್ಯಾಯವಾದ ಪ್ರಶ್ನೆ. ಕಸಿ ಕಟ್ಟುವುದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ, ನರ್ಸರಿಗಳಿಗೆ ಹೋಗಿ ದಿನಕ್ಕೆ ನೂರಾರು ಗಿಡ ಕಟ್ಟಿ ಕೂಲಿ ತರುತ್ತಾರೆ. ಮನೆ ಹಿತ್ತಿಲಲ್ಲಿ ಮೂರು ಗಿಡ ಕಟ್ಟಲು ಕಲಿತವರು ಅವರ ಕೆಲಸ ಕಿತ್ತುಕೊಳ್ಳುವುದಿಲ್ಲ. ಕಟ್ಟಿ ನೋಡಿದವರಿಗೇ ಆ ಕೆಲಸದ ಬೆಲೆ ಗೊತ್ತಾಗುತ್ತದೆ, ನರ್ಸರಿಯಲ್ಲಿ ಕಸಿ ಗಿಡದ ಬೆಲೆ ಕೇಳಿ ಚೌಕಾಸಿ ಮಾಡುವುದನ್ನು ಅವರು ನಿಲ್ಲಿಸುತ್ತಾರೆ. ಆದರೆ ಒಂದು ಮಾತು: ಕಸುಬಿನವರನ್ನು ನಿಮ್ಮ ಗುಂಪಿಗೆ ಕಲಿಸಲು ಕರೆದರೆ ದುಡ್ಡು ಕೊಡಲೇಬೇಕು. ಹವ್ಯಾಸಕ್ಕೆ ಮಾಡುವವರು ಪುಕ್ಕಟೆ ಕಲಿಸುವುದು ಬೇರೆ, ಹೊಟ್ಟೆಪಾಡಿಗೆ ಮಾಡುವವರಿಂದ ಪುಕ್ಕಟೆ ಕಲಿಸಿಕೊಳ್ಳುವುದು ಬೇರೆ. ಶಾಲು ಹೊದಿಸಿ ಕಳಿಸಬೇಡಿ. ಒಂದು ದಿನದ ಪೂರ್ತಿ ಕೂಲಿ, ಬಸ್ ಚಾರ್ಜು, ಊಟ, ಆಮೇಲೆ ಬೇಕಾದರೆ ಶಾಲು.

ಕಲಿಯುವವರಿಂದ ನೀವು ದುಡ್ಡು ತೆಗೆದುಕೊಳ್ಳಬೇಡಿ ಅಂದೆ. ಪಟ್ಟಿ, ಕವರ್ ಖರ್ಚು ಹಂಚಿಕೊಳ್ಳಬಹುದು, ಅದು ಬಹಳ ಕಡಿಮೆ. ಬದಲಿಗೆ ಒಂದು ಮಾತು ತೆಗೆದುಕೊಳ್ಳಿ: ನಿಮ್ಮ ಕಸಿ ಹಿಡಿದರೆ ಮುಂದಿನ ಮಳೆಗಾಲ ಇಬ್ಬರಿಗಾದರೂ ಕಲಿಸುತ್ತೇನೆ ಅಂತ.

ಪಟ್ಟಣದಲ್ಲಿ ಇರುವವರಿಗೆ

ಬೆಂಗಳೂರಿನ ತಾರಸಿ ಮೇಲೆ ಮಾವಿನ ಕಸಿ ಕಲಿಸಬೇಕಾಗಿಲ್ಲ. ದಾಸವಾಳದಿಂದ ಶುರು ಮಾಡಿ, ಒಂದು ಗಿಡಕ್ಕೆ ಎರಡು ಬಣ್ಣ ಕಟ್ಟಿದರೆ ಮಕ್ಕಳಿಗೂ ಖುಷಿ. ಇಲ್ಲವೇ ಸುಂಡೆ ಗಿಡದ ಮೇಲೆ ಬದನೆ. ಸುಂಡೆ ಕಾಡು ಜಾತಿ, ಮಣ್ಣಿನಿಂದ ಬರುವ ಸೊರಗು ರೋಗವನ್ನು ತಡೆದುಕೊಳ್ಳುತ್ತದೆ, ಹಾಗಾಗಿ ಮೇಲೆ ಕಟ್ಟಿದ ಬದನೆ ಬಹಳ ಕಾಲ ಕಾಯಿ ಬಿಡುತ್ತದೆ. ಮೆದು ಕಾಂಡ, ಅದೇ ಬೆಣೆ, ಅದೇ ಸೀಳು, ಪಟ್ಟಿಯ ಬದಲು ಸಣ್ಣ ಕ್ಲಿಪ್ಪಾದರೂ ನಡೆಯುತ್ತದೆ. ವಾರ ಹತ್ತು ದಿನದಲ್ಲಿ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ. ಹೊಸಬರಿಗೆ ಇಷ್ಟು ಬೇಗ ಉತ್ತರ ಸಿಗುವುದು ದೊಡ್ಡ ವಿಷಯ. ಕೈ ಕುದುರಿದ ಮೇಲೆ ರಜೆಗೆ ಊರಿಗೆ ಹೋದಾಗ ಮಾವಿಗೆ ಇಳಿಯಲಿ.

ಮೂರನೇ ತಿಂಗಳು

ಬಹಳ ಜನ ಕಲಿಸುವವರು ಮರೆಯುವುದು ಇದನ್ನು. ಎರಡು ಮೂರು ತಿಂಗಳಿಗೆ ಬೆಸುಗೆ ಗಟ್ಟಿಯಾಗಿ ಕಾಂಡ ದಪ್ಪವಾಗುತ್ತದೆ, ಪಟ್ಟಿ ಅಲ್ಲೇ ಇದ್ದರೆ ಕತ್ತು ಹಿಸುಕುತ್ತದೆ. ಚಿಗುರಿದ ಖುಷಿಯಲ್ಲಿ ಪಟ್ಟಿ ಬಿಚ್ಚದೆ ಬಿಟ್ಟು, ಗಿಡ ನೆಟ್ಟ ಮೇಲೆ ಒಂದು ಗಾಳಿಗೆ ಅಲ್ಲೇ ಮುರಿದು ಬೀಳುವುದು ಸಾಮಾನ್ಯ. ಹಾಗಾಗಿ ಅವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಆ ವಾರ ಎಲ್ಲರೂ ತಮ್ಮ ಮೂರೂ ಕೊಟ್ಟೆ ತೆಗೆದುಕೊಂಡು ಮತ್ತೆ ಸೇರಲಿ. ಪಟ್ಟಿಯನ್ನು ಸುತ್ತು ಬಿಚ್ಚಲು ಹೋಗಬೇಡಿ, ಬೆಸುಗೆ ಇಲ್ಲದ ಬದಿಯಲ್ಲಿ ಬ್ಲೇಡಿನಿಂದ ಮೇಲಿಂದ ಕೆಳಗೆ ಒಂದು ಗೆರೆ ಎಳೆದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕುಡಿ ಸತ್ತ ಗಿಡಗಳನ್ನು ಎಸೆಯಲು ಬಿಡಬೇಡಿ. ಬುಡದ ಗಿಡ ಬದುಕಿದ್ದರೆ ಬೆಸುಗೆಯಿಂದ ಎರಡು ಬೆರಳು ಕೆಳಗೆ ಕೊಯ್ದು ಅಲ್ಲೇ ಮತ್ತೆ ಕಟ್ಟಬಹುದು. ಗಾಳಿಯಲ್ಲಿ ತೇವ ಇನ್ನೂ ಇದ್ದರೆ ಅವತ್ತೇ ಕಟ್ಟಿ. ಈ ಸಲ ನೀವು ಚಾಕು ಹಿಡಿಯಬೇಡಿ. ಯಾರ ಕಸಿ ಹಿಡಿದಿದೆಯೋ ಅವರು ಕಸಿ ಸತ್ತವರ ಪಕ್ಕದಲ್ಲಿ ಕೂತು ಹೇಳಿಕೊಡಲಿ, ನೀವು ಚಹಾ ಮಾಡಿ.